ಬಲಗಣ್ಣು ಉಳಿದ ವರ್ಷ

ಕಳೆದ ವಾರ ಧಾರವಾಡದ ಸಂತೆಯಲ್ಲಿ, ಗೋಣಿತಟ್ಟಿನ ಮೇಲೆ ತಪ್ಪಲಪಲ್ಲೆ ಹರವಿಕೊಂಡು ಕೂತಿದ್ದ ಮುದುಕಿಯೊಬ್ಬಳು ನನ್ನ ಕೈಗೆ ಹಕ್ಕರಕಿಯ ಒಂದು ಸೂಡು ಇಟ್ಟಳು. ಹಕ್ಕರಕಿ ನಮ್ಮ ಕಡೆಯ ಎರೆಹೊಲಗಳಲ್ಲಿ ತಾನಾಗಿಯೇ ಹುಟ್ಟುವ ಸೊಪ್ಪು. ಬೇಯಿಸುವುದಿಲ್ಲ, ಹಸಿಯಾಗಿಯೇ ರೊಟ್ಟಿಯ ಜೊತೆ ಕಚ್ಚಿಕೊಂಡು ತಿನ್ನುತ್ತೇವೆ. ದಂಟು ಮುರಿದಾಗ ಬರುವ ತುಸು ಕಹಿಯಾದ ಆ ಹಸಿ ವಾಸನೆ ಮೂಗಿಗೆ ಹತ್ತಿದ್ದೇ ತಡ, ಸಂತೆಯ ಗದ್ದಲವೆಲ್ಲ ಹಿಂದೆ ಸರಿದು, ದೊಡವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಚಕ್ಕಳಮಕ್ಕಳ ಹಾಕಿಕೊಂಡು ದನದ ಹಾಗೆ ಸೊಪ್ಪು ಮೇಯುತ್ತಿದ್ದ ಆ ವರ್ಷ ಕಣ್ಣ ಮುಂದೆ ಬಂತು. ಅದು ಎರಡು ಸಾವಿರದ ಐದನೆಯ ಇಸವಿ. ಅಪ್ಪನ ಕಣ್ಣಿಗಾಗಿ ನಾವೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ವರ್ಷ.

ನಾನು ಆಗಷ್ಟೇ ಬೈಲಹೊಂಗಲದ ಹೈಸ್ಕೂಲೊಂದಕ್ಕೆ ಕನ್ನಡ ಶಿಕ್ಷಕಿಯಾಗಿ ಸೇರಿದ್ದೆ. ದಿನಾ ದೊಡವಾಡದಿಂದ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ಅಪ್ಪ, ಅವ್ವ, ನಾನು. ಅಕ್ಕಂದಿರಿಬ್ಬರೂ ಮದುವೆಯಾಗಿ ಹೋಗಿದ್ದರು. ಅಪ್ಪನಿಗೆ ಅರವತ್ತು ದಾಟಿತ್ತು. ಆದರೂ ಬಿತ್ತನೆಯ ದಿನ ಕೂರಿಗೆಯ ಹಿಂದೆ ತಾನೇ ನಡೆಯಬೇಕು. ಅವನು ಹಿಡಿದ ಸಾಲು ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಗೆರೆ ಎಳೆದಂತೆ ಹೋಗುತ್ತಿತ್ತು. ಬೆಳೆ ಎದ್ದ ಮೇಲೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅಪ್ಪ ಬೇರೆ ಯಾವುದಕ್ಕೂ ಜಂಬ ಕೊಚ್ಚಿಕೊಂಡವನಲ್ಲ, ಸಾಲಿನ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಮನೆಯ ಹಿತ್ತಲಿಗೆ ಒಂದು ಹೊಸ ಕೋಣೆ ಕಟ್ಟಿಸುತ್ತಿದ್ದೆವು. ಗೌಂಡಿ ಮೌಲಾಸಾಬ ಅಪ್ಪನ ವಾರಿಗೆಯವನೇ. ಇಬ್ಬರದೂ ಸಣ್ಣಂದಿನಿಂದ ಸಲಿಗೆ. ಒಂದು ಭಾನುವಾರ ಮೌಲಾಸಾಬ ಬಾಗಿಲ ಚೌಕಟ್ಟು ನಿಲ್ಲಿಸಿ, ಆಚೀಚೆ ಕೋಲು ಕೊಟ್ಟು, ಕೆಲಸ ನಿಲ್ಲಿಸಿ ಚಹಾ ಕುಡಿಯಲು ಕೂತಿದ್ದ. ಹೊಲದಿಂದ ಬಂದ ಅಪ್ಪ ಚೌಕಟ್ಟಿನ ಎದುರು ನಿಂತು, ರೂಢಿಯಂತೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದ.

"ಮೌಲಾ, ಏನೋ ಇದು? ಸೊಟ್ಟ ಕೂಡ್ಸೀಯಲ್ಲೋ."

"ಎಲ್ಲೈತ್ರಿ ಸೊಟ್ಟ ಯಜಮಾನ್ರ? ಈಗಷ್ಟ ಗುಂಡ ಬಿಟ್ಟ ನೋಡೇನಿ."

"ನಡುವ ಹೊಟ್ಟಿ ಬಂದೈತಿ ನೋಡ, ಬಸರಿ ಹೆಂಗಸಿನ್ಹಂಗ."

ಮೌಲಾಸಾಬ ನಕ್ಕು, ಚಹಾದ ಬಟ್ಟಲು ಕೆಳಗಿಟ್ಟು ಎದ್ದ. ದಾರಕ್ಕೆ ಕಟ್ಟಿದ ಹಿತ್ತಾಳೆಯ ತೂಗುಗುಂಡನ್ನು ಚೌಕಟ್ಟಿನ ಮೇಲ್ತುದಿಯಿಂದ ಇಳಿಬಿಟ್ಟ. ದಾರ ಮರಕ್ಕೆ ಹೊಂದಿಕೊಂಡು ನೆಟ್ಟಗೆ ನಿಂತಿತು.

"ಈಗ ನೋಡ್ರಿ. ಒಂದ ಕೂದಲೆಳಿ ಹೆಚ್ಚಿಲ್ಲ, ಕಡಿಮಿಲ್ಲ."

ಅಪ್ಪ ಮತ್ತೆ ನೋಡಿದ. "ನಿನ್ನ ದಾರಾನೂ ಸೊಟ್ಟೈತಿ," ಅಂದ.

ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಭಾರ ಕಟ್ಟಿ ಬಿಟ್ಟ ದಾರ ಸೊಟ್ಟ ಇರುವುದುಂಟೆ? ಆದರೆ ಅಪ್ಪ ನಗಲಿಲ್ಲ. ಅವನು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದ. ಮತ್ತೆ ಬಲ ಮುಚ್ಚಿ ಎಡದಿಂದ ನೋಡಿದ. ಹಾಗೆ ಬದಲಿಸಿ ಬದಲಿಸಿ ನೋಡುತ್ತಿದ್ದಂತೆ ಅವನ ಮುಖ ಬಾಡುತ್ತ ಹೋಯಿತು.

"ಬರೋಬ್ಬರಿ ಐತಿ. ಸಿಮೆಂಟ ಹಾಕ," ಎಂದು ಮೌಲಾಸಾಬನಿಗೆ ಹೇಳಿ ಅಪ್ಪ ಒಳಗೆ ಹೋದ.

ಆಮೇಲೆ ಎಷ್ಟು ಕೇಳಿದರೂ "ಏನಿಲ್ಲ, ಬಿಸಲಾಗ ಬಂದಿದ್ದೆ, ಕಣ್ಣ ಕತ್ತಲಿ ಬಂತು" ಎನ್ನುವುದೇ ಅವನ ಉತ್ತರ. ಆದರೆ ಕೆಲವು ದಿನಗಳ ನಂತರ ಸವದತ್ತಿಗೆ ಹೋಗಿ ಬರೋಣ ಬಾ ಎಂದು ತಾನಾಗಿಯೇ ನನ್ನನ್ನು ಕರೆದ. ಸವದತ್ತಿಯಲ್ಲಿ ಅವನ ಅಕ್ಕ, ನನ್ನ ಸೋದರತ್ತೆ ಗಂಗವ್ವ ಇದ್ದಳು. ಅವಳಿಗೆ ಆಗ ಎರಡೂ ಕಣ್ಣು ಹೋಗಿ ವರ್ಷಗಳಾಗಿದ್ದವು. ಪೂರ್ತಿ ಕತ್ತಲೆಯಲ್ಲ. ಅಂಗಳದಲ್ಲಿ ಓಡಾಡುತ್ತಿದ್ದಳು, ನೀರು ತುಂಬುತ್ತಿದ್ದಳು, ಆದರೆ ಎದುರಿಗೆ ನಿಂತವರ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಅವಳು ಯಾರ ಮುಖವನ್ನೂ ನೇರ ನೋಡದೆ, ಅವರ ಕಿವಿಯ ಆಚೆ ಯಾರೋ ನಿಂತಿರುವಂತೆ ಅತ್ತ ನೋಡುತ್ತ ಮಾತಾಡುತ್ತಿದ್ದಳು. ಗೊತ್ತಿಲ್ಲದವರು ಸೊಕ್ಕಿನ ಹೆಂಗಸು ಅಂದುಕೊಳ್ಳುತ್ತಿದ್ದರು. ಮನೆಯವರು ವಯಸ್ಸಾಯಿತು, ಪೊರೆ ಬಂದಿರಬೇಕು ಎಂದು ಬಿಟ್ಟುಬಿಟ್ಟಿದ್ದರು.

ಊಟವಾದ ಮೇಲೆ ಅಪ್ಪ ಅಕ್ಕನ ಹತ್ತಿರ ಸರಿದು ಕೂತ.

"ಯಕ್ಕಾ, ನಿನಗ ಕಣ್ಣ ಹೋಗೂಕಿಂತ ಮೊದಲ ಏನ ಆಗಿತ್ತು?"

"ಈಗ್ಯಾಕಪಾ ಅದು?"

"ಹೇಳಲಾ."

"ಬಾಗಲಾ ಸೊಟ್ಟ ಕಾಣತಿದ್ದವು ತಮ್ಮಾ. ಹಂದರದ ಗಳಾ, ಬಿದರ ನಿಚ್ಚಣಿಕಿ, ಎಲ್ಲಾ ನಡುವ ಡೊಂಕ ಆಗಿ ಕಾಣತಿದ್ದವು. ಯಾರಿಗಾರ ಹೇಳಿದ್ರ ಮುದಕಿಗೆ ಹುಚ್ಚ ಹಿಡದೈತಿ ಅಂತಾರಂತ ಸುಮ್ನಿದ್ದೆ." ಆಮೇಲೆ ಕೇಳಿದಳು: "ಯಾಕೋ? ನಿನಗೂ ಹಂಗ ಕಾಣಾಕತ್ತೈತೇನ?"

ಅತ್ತೆ ಅವನ ಮೊಣಕೈಯನ್ನು ತಡವಿ ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನಂಗ ಸುಮ್ಮ ಕೂಡಬ್ಯಾಡ. ಸುವರ್ಣಾ, ಇವನ್ನ ನಾಳಿನ ದವಾಖಾನಿಗೆ ಕರಕೊಂಡ ಹೋಗ. ಹೊಲ ಐತಿ, ಬಿತ್ತೂದೈತಿ ಅಂತಾನ. ಕೇಳಬ್ಯಾಡ."

ಮರುದಿನವೇ ಹುಬ್ಬಳ್ಳಿಯ ಬಸ್ಸು ಹತ್ತಿದೆವು. ಕಣ್ಣಿನ ಆಸ್ಪತ್ರೆಯಲ್ಲಿ ಅಪ್ಪನ ಕಣ್ಣಿಗೆ ಹನಿ ಹಾಕಿ, ಪಾಪೆ ಅರಳುವವರೆಗೆ ಬೆಂಚಿನ ಮೇಲೆ ಕೂರಿಸಿದರು. ನಂತರ ಡಾಕ್ಟರು ಅವನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಡಾಕ್ಟರೂ ನಮ್ಮ ಕಡೆಯವರೇ, ಕಿತ್ತೂರಿನ ಹತ್ತಿರದ ಹಳ್ಳಿಯ ಒಕ್ಕಲುತನದ ಮನೆಯಿಂದ ಬಂದವರು. ಬಿಚ್ಚುಮಾತಿನವರು. ಒಂದು ಮಾತನ್ನೂ ಮುಚ್ಚಿಡಲಿಲ್ಲ.

"ಯಜಮಾನ್ರ, ಕಣ್ಣಿನ ಹಿಂದ ಒಂದ ಪರದೆ ಇರತೈತ್ರಿ. ಅದರ ನಟ್ಟ ನಡುವಿನ ಜಾಗಾದಿಂದನ ನಾವು ಮಾರಿ ನೋಡೂದು, ಅಕ್ಷರ ಓದೂದು. ನಿಮ್ಮ ಎಡಗಣ್ಣಿನ್ಯಾಗ ಆ ಜಾಗಾದಾಗ ರಕ್ತ ಸೋರಿ ಕಲೆ ಕಟ್ಟೇತಿ. ಅದನ್ನ ಮೊದಲಿನ್ಹಂಗ ಮಾಡಾಕ ನನ್ನ ಕಡಿಂದ ಆಗೂದಿಲ್ರಿ."

"ಬಲಗಣ್ಣರೀ?" ಕೇಳಿದವಳು ನಾನು. ಅಪ್ಪ ನೆಲ ನೋಡುತ್ತಿದ್ದ.

"ಬಲಗಣ್ಣಿನ್ಯಾಗ ರಕ್ತ ಇಲ್ಲ. ಆದರ ಪರದೇದ ಕೆಳಗ ದೊಡ್ಡ ದೊಡ್ಡ ಹಳದಿ ಚುಕ್ಕಿ ಅದಾವು. ಒಂದ ಕಣ್ಣ ಹಿಂಗ ಕೆಟ್ಟವರಿಗೆ ಇನ್ನೊಂದೂ ಕೆಡೂ ಸಂಭವ ಹೆಚ್ಚ ಇರತೈತಿ. ಅದನ್ನ ಉಳಿಸಿಕೊಳ್ಳೂದೀಗ ನಮ್ಮ ಕೆಲಸ."

ಅಪ್ಪ ತಲೆ ಎತ್ತಿದ. "ಅದಕ್ಕ ಔಷಧ ಐತೇನ್ರಿ?"

ಡಾಕ್ಟರು ಸ್ವಲ್ಪ ಯೋಚಿಸಿ, ಅಪ್ಪನಿಗೆ ತಿಳಿಯುವ ಹಾಗೆ ಹೇಳಿದರು: "ಕುಂಟಿಯ ಕಬ್ಬಿಣದ ಕುಡಾನ ಮಳ್ಯಾಗ ಬಿಟ್ರ ಏನ ಆಗತೈತಿ?"

"ಜಂಗ ಹಿಡೀತೈತ್ರಿ."

"ಹೌದಲ್ಲ? ಕಣ್ಣಿನ ಪರದೀನೂ ಹಂಗ ಅನ್ಕೋರಿ. ಹುಟ್ಟಿದಾಗಿಂದ ಬೆಳಕಿನ್ಯಾಗ ದುಡದ ದುಡದ ಅದಕ್ಕೂ ಒಂಥರಾ ಜಂಗ ಹಿಡೀತೈತಿ. ಕುಡಕ್ಕ ನೀವು ಎಣ್ಣಿ ಹಚ್ಚಿ ಇಡತೀರಿ. ಇಲ್ಲಿ ಎಣ್ಣಿ ಬದಲಿ ಗುಳಿಗಿ. ಸಿ ವಿಟಮಿನ್, ಇ ವಿಟಮಿನ್, ಸತು, ಜರಾ ತಾಮ್ರ, ಗಜ್ಜರಿಯೊಳಗಿನ ಹಳದಿ ಸತ್ವ, ಎಲ್ಲಾ ಕೂಡಿಸಿ ಮಾಡಿದ್ದು. ಆಂಟಿಆಕ್ಸಿಡೆಂಟ್ ಅಂತಾರ. ಹೊರದೇಶದಾಗ ಇಂಥಾ ಕಣ್ಣಿನವರಿಗೆ ಬಾಳ ವರ್ಷ ಕೊಟ್ಟ ನೋಡ್ಯಾರ. ತಿಂದ ಕೂಡ್ಲೇ ಕಣ್ಣ ಚುರುಕ ಆಗೂದಿಲ್ಲ, ತಿಂದವರೆಲ್ಲಾರ ಕಣ್ಣೂ ಉಳದಾವು ಅಂತಾನೂ ಅಲ್ಲ. ಆದರ ಕೆಡೂದು ತಡಾ ಆಗತೈತಿ, ಕೆಡೂ ಸಂಭವ ಕಡಿಮಿ ಆಗತೈತಿ. ನನ್ನ ಹತ್ರ ಇರೂದು ಇಷ್ಟ."

ಬರೆದು ಕೊಡುತ್ತಾ ಡಾಕ್ಟರು ಸಹಜವಾಗಿ ಕೇಳಿದರು: "ಬೀಡಿ ಸಿಗರೇಟ ಏನಾರ ಸೇದತೀರೇನ್ರಿ?"

ಅಪ್ಪ ನನ್ನ ಕಡೆ ಒಮ್ಮೆ ನೋಡಿ, "ಇಲ್ರಿ," ಅಂದ.

ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ನಾನು ಸಣ್ಣವಳಿದ್ದಾಗ ಅಪ್ಪ ಸೇದುತ್ತಿದ್ದ. ಒಂದು ಚಳಿಗಾಲ ಕೆಮ್ಮು ಹತ್ತಿ ಎದೆ ಹಿಡಿದುಕೊಂಡಾಗ, ಇನ್ನು ಮುಟ್ಟುವುದಿಲ್ಲವೆಂದು ಅವ್ವನಿಗೆ ಮಾತು ಕೊಟ್ಟಿದ್ದ. ಅಲ್ಲಿಗೆ ಆ ವಿಷಯ ಮುಗಿದಿತ್ತು.

ಡಾಕ್ಟರು ಒಂದು ಹಾಳೆಯನ್ನೂ ಕೊಟ್ಟರು. ಅದರ ತುಂಬ ಸಣ್ಣ ಸಣ್ಣ ಚೌಕಗಳು, ನಡುವೆ ಒಂದು ಕಪ್ಪು ಚುಕ್ಕೆ. ದಿನಾ ಒಂದೊಂದೇ ಕಣ್ಣು ಮುಚ್ಚಿ ಆ ಚುಕ್ಕೆಯನ್ನು ನೋಡಬೇಕು. ಬಲಗಣ್ಣಿಗೆ ಗೆರೆ ಡೊಂಕಾಗಿ ಕಂಡರೆ ಅವತ್ತೇ ಹುಬ್ಬಳ್ಳಿಗೆ ಬರಬೇಕು, ಒಂದು ದಿನವೂ ತಡ ಮಾಡಬಾರದು ಎಂದರು.

ಆ ವರ್ಷ ಮುಂಗಾರು ಹದವಾಗಿ ಹಿಡಿಯಿತು. ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಹೊಲಕ್ಕೆ ಹೋಗುವುದೇ ಕಷ್ಟವಾದ ದಿನಗಳು. ಬೈಲಹೊಂಗಲದಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ಹೆಸರು, ಹತ್ತಿ, ಸೋಯಾ ಎಲ್ಲ ಒಂದೇ ಹಸಿರಾಗಿ ಕಾಣುತ್ತಿದ್ದವು. ಮನೆಯಲ್ಲಿ ಅವ್ವನದು ಇನ್ನೊಂದು ಹಸಿರು. ಡಾಕ್ಟರು ಗುಳಿಗೆಯ ಜೊತೆ ತಪ್ಪಲಪಲ್ಲೆ ಹೆಚ್ಚು ತಿನ್ನಬೇಕು ಎಂದಿದ್ದೇ ತಡ, ಅವಳು ಅಪ್ಪನ ತಾಟಿನಲ್ಲಿ ಹೊಲವನ್ನೇ ತಂದು ಸುರಿದಳು. ಮೆಂತೆ, ರಾಜಗಿರಿ, ಕಿರಕಸಾಲಿ, ನುಗ್ಗೆಯ ತಪ್ಪಲು. ಹಕ್ಕರಕಿಯಂತೂ ಹೊತ್ತುಹೊತ್ತಿಗೂ.

"ಏನ, ಎತ್ತ ಮಾಡೀಯೇನ ನನ್ನ?" ಎಂದು ಅಪ್ಪ ಸಿಡುಕುತ್ತಿದ್ದ.

"ಎತ್ತಿನ ಕಣ್ಣ ನೋಡ್ರಿ, ಎಷ್ಟ ದೊಡ್ಡು ಅದಾವು. ತಿನ್ರಿ," ಎನ್ನುತ್ತಿದ್ದಳು ಅವ್ವ.

ಬೆಳಿಗ್ಗೆ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಅಪ್ಪ ಪಡಸಾಲೆಯ ಗೋಡೆಗೆ ಹಚ್ಚಿದ್ದ ಚೌಕಳಿ ಹಾಳೆಯ ಮುಂದೆ ನಿಲ್ಲುತ್ತಿದ್ದ. ನಾನು ಜಡೆ ಹಾಕಿಕೊಳ್ಳುವುದನ್ನು ನಿಲ್ಲಿಸುತ್ತಿದ್ದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸುತ್ತಿದ್ದಳು. ಅವನು "ಬರೋಬ್ಬರಿ" ಅನ್ನುವವರೆಗೆ ಮನೆಯಲ್ಲಿ ಸದ್ದಿಲ್ಲ. ಅಂದ ಮೇಲೆ ಮತ್ತೆ ರೊಟ್ಟಿಯ ಸಪ್ಪಳ ಶುರುವಾಗುತ್ತಿತ್ತು.

ಶ್ರಾವಣದಲ್ಲಿ ಒಂದು ಸಂಜೆ ಗುಳಿಗೆ ಮುಗಿದಿದ್ದವೆಂದು ಬೈಲಹೊಂಗಲದ ಔಷಧ ಅಂಗಡಿಗೆ ಹೋದೆ. ಅಂಗಡಿಯವರು ಡಬ್ಬಿ ಕೈಗೆ ಕೊಡುತ್ತ, "ಯಾರಿಗ್ರಿ ಟೀಚರ್ರ ಇವು? ಬೀಡಿ ಸೇದೋರಿಗಲ್ಲ ಹೌದಲ್ಲ?" ಅಂದರು.

"ನಮ್ಮಪ್ಪಗ್ರಿ. ಅಂವಾ ಸೇದೂದಿಲ್ಲ. ಯಾಕ್ರಿ?"

"ಹಂಗಾದ್ರ ಚಿಂತಿಲ್ಲ ಬಿಡ್ರಿ. ಇದರಾಗಿನ ಗಜ್ಜರಿ ಸತ್ವ ಸೇದೋರಿಗೆ ಆಗಿ ಬರೂದಿಲ್ಲಂತ. ಪುಪ್ಪುಸಕ್ಕ ಕ್ಯಾನ್ಸರ್ ಆಗೂ ಸಂಭವ ಹೆಚ್ಚ ಆಗತೈತಿ ಅಂತ ಹೇಳತಾರ."

ಮನೆಗೆ ಬಂದು, ಅಪ್ಪನ ಕೈಗೆ ಗುಳಿಗೆ ಕೊಡುತ್ತ, ಇದನ್ನು ಒಂದು ಸುದ್ದಿಯೆಂಬಂತೆ ಹೇಳಿದೆ. "ನೀ ಬಿಟ್ಟದ್ದ ಚಲೋ ಆತ ನೋಡಪಾ," ಎಂದು ನಕ್ಕೆ ಕೂಡ. ಅಪ್ಪ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕೂತ. ಆಮೇಲೆ ತಿನ್ನುತ್ತೇನೆ ಅಂದ.

ಅಲ್ಲಿಂದ ಅವನು ಬದಲಾದ. ಊಟದ ಮೇಲೆ ಲಕ್ಷ್ಯವಿಲ್ಲ. ಮಾತಿಲ್ಲ. ಗುಳಿಗೆ ಕೊಟ್ಟರೆ ಕಿಸೆಗೆ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಒಂದು ದಿನ ಅಂಗಿ ಒಗೆಯುವಾಗ ಅವ್ವನ ಕೈಗೆ ನೀರಲ್ಲಿ ಕರಗಿ ಅಂಟಿಕೊಂಡ ಗುಳಿಗೆಗಳು ಸಿಕ್ಕವು.

ನಾನು ಆ ಭಾನುವಾರ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆ. ಹೆಸರಿನ ಬೆಳೆ ಕಿತ್ತಾಗಿತ್ತು. ಮೋಡ ಕವಿದ ಮಧ್ಯಾಹ್ನ. ಅಪ್ಪ ಬನ್ನಿಗಿಡದ ಬುಡದಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದ. ಹತ್ತಿರ ಹೋಗುವ ಮೊದಲೇ ಬೀಡಿಯ ಘಾಟು ಮೂಗಿಗೆ ಬಡಿಯಿತು. ನನ್ನ ಹೆಜ್ಜೆಯ ಸಪ್ಪಳ ಕೇಳಿ ಅವನು ತಿರುಗಿದ. ಬೀಡಿಯನ್ನು ಮರೆಮಾಡಲಿಲ್ಲ.

"ಕೂಡವಾ," ಅಂದ.

ನಾನು ಕೂತೆ.

"ಹೊಲದಾಗ ಮಾತ್ರ ಸೇದತೇನಿ. ಮನ್ಯಾಗ ಎಂದೂ ಇಲ್ಲ. ನಿಮ್ಮವ್ವಗ ಮಾತ ಕೊಟ್ಟಿದ್ದೆ. ಒಂದ ವರ್ಷ ನಡಿಸಿದೆ, ಆಮ್ಯಾಲ ಆಗಲಿಲ್ಲ. ದವಾಖಾನ್ಯಾಗ ನೀ ಬಾಜೂಕ ಕುಂತಿದ್ದಿ, ಹೆಂಗ ಹೇಳಲಿ?"

"ಗುಳಿಗಿ ಯಾಕ ಬಿಟ್ಟಿ?"

"ತಿಂದ್ರ ಎದಿ ಹೋಗತೈತಿ. ಬಿಟ್ರ ಕಣ್ಣ ಹೋಗತೈತಿ. ಅಕ್ಕನ್ಹಂಗ ಆಗಿ ನಿಮ್ಮ ಮಾರಿ ಕಾಣದ ಹೋದ್ರ..." ಅಪ್ಪ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

"ಬೀಡಿ ಬಿಟ್ರ ಎರಡೂ ಉಳೀತಾವಲ್ಲಪಾ," ಅಂದೆ.

"ನಿಮ್ಮವ್ವಗ ಹೇಳಬ್ಯಾಡ," ಅಂದ ಅವನು.

ಆದರೆ ಹೇಳುವ ಪ್ರಸಂಗವೇ ಬರಲಿಲ್ಲ. ನಾವಿಬ್ಬರೂ ಮನೆಗೆ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದಾಗ ನಮ್ಮ ಮುಖ ನೋಡಿಯೇ ಅವ್ವ, "ಹೇಳಿದ್ರ?" ಎಂದು ಅಪ್ಪನನ್ನು ಕೇಳಿದಳು.

"ಏನ?"

"ಬೀಡಿ ಸಮಾಚಾರ. ನನಗ ಗೊತ್ತಿಲ್ಲಂತ ತಿಳದೀರೇನ? ನಿಮ್ಮ ಅಂಗಿ ಒಗಿಯಾಕಿ ನಾನು. ನೀವು ಮತ್ತ ಹಿಡದ ದಿನದಿಂದ ಗೊತ್ತೈತಿ."

ಅಪ್ಪನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. "ಮತ್ತ ಇಷ್ಟ ವರ್ಷ ಯಾಕ ಸುಮ್ನಿದ್ದಿ?"

"ಮನ್ಯಾಗ ಸೇದಲಿಲ್ಲಲ್ಲ, ಅಷ್ಟರ ಮರ್ಯಾದಿ ಇಟ್ಟಾರ ಅಂತ ಸುಮ್ನಿದ್ದೆ. ಈಗ ಸುಮ್ಮ ಇರೂದಿಲ್ಲ. ನಾಳಿ ಹುಬ್ಬಳ್ಳಿಗೆ ಹೋಗಿ ಡಾಕ್ಟರ್ಗೆ ನಿಮ್ಮ ಬಾಯಿಲೆ ಹೇಳ್ರಿ. ನಾನೂ ಬರತೇನಿ."

ಈ ಸಲ ಮೂವರೂ ಹೋದೆವು. ಅಪ್ಪ ಡಾಕ್ಟರ ಮುಂದೆ ಕೈಕಟ್ಟಿ ನಿಂತು, "ಸಾಹೇಬ್ರ, ಹೋದಸಲ ಸುಳ್ಳ ಹೇಳಿದ್ನಿ," ಎಂದು ಶುರುಮಾಡಿದ. ಡಾಕ್ಟರು ಬಯ್ಯುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಎದ್ದು ಬಂದು ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದರು.

"ಹೇಳಿದ್ರಲ್ಲ, ನೀವ ಗೆದ್ರಿ. ಈಗ ಕೇಳ್ರಿ. ಇಷ್ಟ ದಿವಸ ತಿಂದದ್ದಕ್ಕ ಅಂಜಬ್ಯಾಡ್ರಿ. ಗಜ್ಜರಿ ಸತ್ವ ಇಲ್ಲದ ಗುಳಿಗಿ ಐತಿ, ಅದನ್ನ ಬರಕೊಡತೇನಿ. ಆದರ ನನ್ನ ಗುಳಿಗಿಗಿಂತ ದೊಡ್ಡ ಔಷಧ ನಿಮ್ಮ ಕೈಯಾಗೈತಿ. ಕಣ್ಣಿನ ಪರದೆಗೆ ಬೀಡಿ ಹೊಗಿಯಂಥಾ ವೈರಿ ಇನ್ನೊಂದಿಲ್ಲ. ಬಿಡತೀರೇನು?"

ಅಪ್ಪ ಅವ್ವನ ಕಡೆ ನೋಡಿದ. "ಬಿಡತೇನ್ರಿ."

ಎದೆಯ ಫೋಟೋವನ್ನೂ ತೆಗೆಸಿದರು. ಅದರಲ್ಲಿ ಏನೂ ಇಲ್ಲವೆಂದು ಗೊತ್ತಾದಾಗ ಅವ್ವ ಆಸ್ಪತ್ರೆಯ ಪಾವಟಿಗೆಯ ಮೇಲೆಯೇ ಕೂತುಬಿಟ್ಟಳು. "ಒಂದ ಕಪ್ಪ ಚಹಾ ಕುಡಸ್ರಿ ನನಗ," ಅಂದಳು. ಹೊರಗೆ ಹೋಟೆಲಿನಲ್ಲಿ ಚಹಾದ ಜೊತೆ ಮಿರ್ಚಿ ಭಜಿಯನ್ನೂ ತರಿಸಿಕೊಂಡು ತಿಂದಳು.

ಬೀಡಿ ಬಿಡುವುದು ಅಪ್ಪನಿಗೆ ಸುಲಭವಾಗಲಿಲ್ಲ. ಮೊದಮೊದಲು ಎತ್ತುಗಳ ಮೇಲೆ ರೇಗುತ್ತಿದ್ದ, ಮೌಲಾಸಾಬನ ಮೇಲೆ ರೇಗುತ್ತಿದ್ದ, ಕಾರಣವಿಲ್ಲದೆ ಎದ್ದು ಊರಬಾಗಿಲ ಅಗಸಿಯವರೆಗೆ ಹೋಗಿ ಬರುತ್ತಿದ್ದ. ಅವ್ವ ಅವನ ಕಿಸೆಗೆ ಹುರಿದ ಕಡಲೆ, ಬೆಲ್ಲದ ಚೂರು ತುಂಬಿ ಕಳಿಸುತ್ತಿದ್ದಳು. ತಾನೂ ದಿನಾ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋಗಿ, ಅವನು ಉಂಡ ಮೇಲೆ ಬೀಡಿಯ ನೆನಪು ಬರುವ ಹೊತ್ತಿಗೆ ಏನಾದರೂ ಕೆಲಸ ತೆಗೆದು ಜಗಳ ಹಚ್ಚುತ್ತಿದ್ದಳು. ಹಾಗೆ ಜಗಳವಾಡುತ್ತಲೇ ಹಿಂಗಾರಿ ಬಿತ್ತನೆ ಬಂತು. ಅಪ್ಪ ಈ ಸಲ ಕೂರಿಗೆ ಹಿಡಿಯಲು ಹಿಂಜರಿದ. ಅವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಂದು ನಿಂತಳು.

"ಬಲಗಣ್ಣ ಐತಲ್ಲ. ಹಿಡೀರಿ."

ಹಿಡಿದ. ಜೋಳ ಎದ್ದಾಗ ಸಾಲುಗಳಲ್ಲಿ ಒಂದೆರಡು ಕಡೆ ಸ್ವಲ್ಪ ಓರೆ ಇತ್ತು. ದಾರಿಯಲ್ಲಿ ಹೋಗುವವರಿಗೆ ಅದು ಕಾಣುತ್ತಿರಲಿಲ್ಲ. ಅಪ್ಪನಿಗೆ ಕಂಡಿತು. ಅದು ಕಂಡಿತಲ್ಲ ಎಂದೇ ಅವನಿಗೆ ಖುಷಿ.

ದೀಪಾವಳಿಯ ನಂತರ ಹೊಸ ಕೋಣೆಯ ಗೋಡೆಗಳಿಗೆ ಗಿಲಾವು ಮುಗಿಯಿತು. ಅಲ್ಲಿ ದೊಡ್ಡ ಕಿಟಕಿ ಇಟ್ಟಿದ್ದೆವು, ಬೆಳಗಿನ ಬೆಳಕು ತುಂಬಿ ಬರುತ್ತಿತ್ತು. ಅಪ್ಪ ಚೌಕಳಿ ಹಾಳೆಯನ್ನು ಪಡಸಾಲೆಯಿಂದ ಕಿತ್ತು, ಗಂಜಿ ಸವರಿ, ಹೊಸ ಕೋಣೆಯ ಗೋಡೆಗೆ ಹಚ್ಚಿದ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಜಡೆ ಕೈಯಲ್ಲಿ ಹಿಡಿದು ಕಾಯುತ್ತಿದ್ದರೆ "ಬರೋಬ್ಬರಿ" ಎನ್ನುವ ಮಾತು ಬರಲಿಲ್ಲ. ಅವ್ವ ಒಲೆಯ ಮುಂದಿನಿಂದ ಕೂಗಿದಳು: "ಯಾಕ್ರಿ? ಏನ ಆತು?"

ಅಪ್ಪ ಬಾಗಿಲಿಗೆ ಬಂದು ನಿಂತ.

"ಬಲಗಣ್ಣಿಗೂ ಡೊಂಕ ಕಾಣಾಕತ್ತೈತಿ," ಅಂದ.

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮರೆತಳು. ಅದು ಸುಟ್ಟ ವಾಸನೆ ಬರುತ್ತಿದ್ದರೂ ಯಾರೂ ತೆಗೆಯಲಿಲ್ಲ. ನಾನು ಶಾಲೆಗೆ ಹೇಳಿಕಳಿಸಿ, ಕೈಗೆ ಸಿಕ್ಕ ಸೀರೆ ಉಟ್ಟು ಹೊರಟೆ. ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಬದಿಗೆ ಕೂತು ಹೊರಗೆ ನೋಡುತ್ತಲೇ ಇದ್ದ. ಬೆಳೆ, ಗಿಡ, ದನ, ರಸ್ತೆಯ ಪಕ್ಕ ನಡೆಯುವ ಜನ, ಎಲ್ಲವನ್ನೂ ತುಂಬಿಕೊಳ್ಳುವವನ ಹಾಗೆ. ನಾನು ಅವನ ಕೈ ಹಿಡಿದುಕೊಂಡೆ.

ಡಾಕ್ಟರು ಉಳಿದವರನ್ನು ಬಿಟ್ಟು ಮೊದಲು ಅಪ್ಪನನ್ನು ಒಳಗೆ ಕರೆದರು. ಹನಿ ಹಾಕಿ, ದೀಪ ಬಿಟ್ಟು, ಒಂದು ಸಲ, ಇನ್ನೊಂದು ಸಲ ನೋಡಿದರು. ಕೊನೆಗೆ ಹುಬ್ಬು ಗಂಟಿಕ್ಕಿಕೊಂಡೇ ತಲೆ ಎತ್ತಿದರು.

"ಯಜಮಾನ್ರ, ರಕ್ತ ಇಲ್ಲ, ನೀರಿಲ್ಲ. ಹೋದಸಲ ಹೆಂಗಿತ್ತೋ ಹಂಗ ಐತಿ ಕಣ್ಣ. ಎಳ್ಳಷ್ಟೂ ಕೆಟ್ಟಿಲ್ಲ."

"ಡೊಂಕ ಕಾಣತೈತಲ್ರಿ!"

ಡಾಕ್ಟರು ತಮ್ಮ ಮೇಜಿನ ಖಾನೆಯಿಂದ ಅಂಥದೇ ಇನ್ನೊಂದು ಹಾಳೆ ತೆಗೆದು ರಟ್ಟಿನ ಮೇಲಿಟ್ಟು ಹಿಡಿದರು. "ಎಡಗಣ್ಣ ಮುಚ್ಚಿ ನೋಡ್ರಿ."

ಅಪ್ಪ ನೋಡಿದ. ಸರಿದು ನೋಡಿದ. ಹತ್ತಿರದಿಂದ ನೋಡಿದ. "ಇದು ನೆಟ್ಟಗೈತ್ರಿ," ಅಂದ, ತನ್ನ ಮಾತನ್ನು ತಾನೇ ನಂಬದವನ ಹಾಗೆ.

"ನಿಮ್ಮ ಕಣ್ಣೂ ನೆಟ್ಟಗೈತಿ. ಮನಿಗೆ ಹೋಗಿ ಅಲ್ಲಿರೂ ಹಾಳೀನ ಒಂದ ಸಲ ನೋಡ್ರಿ ಅಂತೇನಿ ನಾ."

ಊರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಸುದ್ದಿ ಕೇಳಿ ಪಕ್ಕದಲ್ಲಿ ಬಂದು ಕೂತಿದ್ದ ಮೌಲಾಸಾಬನೂ ಎದ್ದು ನಿಂತ. ನಾನು ದೂರದಿಂದಲೇ "ಏನೂ ಆಗಿಲ್ಲವಾ!" ಎಂದು ಕೂಗಿದೆ. ಆದರೆ ಅಪ್ಪ ಯಾರ ಜೊತೆಗೂ ಮಾತಾಡದೆ ಸೀದಾ ಹೊಸ ಕೋಣೆಗೆ ನಡೆದ. ನಾವೆಲ್ಲ ಅವನ ಹಿಂದೆ.

ಮೌಲಾಸಾಬ ಹಾಳೆಯ ಮೇಲೆ ಅಂಗೈ ಇಟ್ಟು ಒತ್ತಿದ. ನಡುವೆ ಅದು ಹಪ್ಪಳದ ಹಾಗೆ ಉಬ್ಬಿತ್ತು. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಮತ್ತೆ ಹೊರಗೆ ಬರುತ್ತಿತ್ತು. ಬೆರಳು ಎತ್ತಿ ತೋರಿಸಿದ. ಪಸೆ.

"ಗಿಲಾವು ಇನ್ನಾ ಆರಿಲ್ಲ. ಹಸಿ ಗ್ವಾಡಿಗೆ ಹಾಳಿ ಅಂಟ್ಸಿದ್ರ ಉಬ್ಬದ ಏನ ಮಾಡತೈತ್ರಿ?"

ಮೌಲಾಸಾಬ ಅಪ್ಪನ ಕಡೆ ತಿರುಗಿ, ಗಂಭೀರವಾಗಿಯೇ ಹೇಳಿದ: "ಬ್ಯಾಸಗ್ಯಾಗ ಚೌಕಟ್ಟ ನೆಟ್ಟಗಿತ್ತು, ನೀವು ಸೊಟ್ಟ ಅಂದ್ರಿ. ಈಗ ಹಾಳಿ ಸೊಟ್ಟೈತಿ, ನೀವೂ ಸೊಟ್ಟ ಅಂದ್ರಿ. ನಿಮ್ಮ ಕಣ್ಣ ಖರೇನ ಹೇಳೇತಲ್ರಿ ಯಜಮಾನ್ರ!"

ಮೊದಲು ನಕ್ಕವಳು ಅವ್ವ. ನಗುತ್ತ ನಗುತ್ತ ಗೋಡೆಗೆ ಒರಗಿದಳು. ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ಅಪ್ಪ ಆ ಹಾಳೆಯನ್ನು ಗೋಡೆಯಿಂದ ಪರ್ರನೆ ಕಿತ್ತು ಮೌಲಾಸಾಬನ ತಲೆಯ ಮೇಲೆ ಹೊಡೆದ. ಅಂದು ಸಂಜೆ ನಮ್ಮ ಮನೆಯಲ್ಲಿ ಸಜ್ಜಕದ ಹೋಳಿಗೆಯಾಯಿತು. ಬಿಸಿ ಹೋಳಿಗೆಗೆ ತುಪ್ಪ ಹಾಕಿಕೊಂಡು ಮೌಲಾಸಾಬ ಸಾಕು ಸಾಕು ಎನ್ನುತ್ತಲೇ ಉಂಡ.

ಅಪ್ಪನ ಎಡಗಣ್ಣು ಮರಳಿ ಬರಲಿಲ್ಲ. ಬಲಗಣ್ಣು ಅವನ ಕೊನೆಯವರೆಗೂ ನಡೆಯಿತು. ಗುಳಿಗೆಯಿಂದಲೋ, ಬೀಡಿ ಬಿಟ್ಟದ್ದರಿಂದಲೋ, ಅವ್ವನ ಸೊಪ್ಪಿನಿಂದಲೋ, ಅಥವಾ ಅವನ ದೈವ ಚೆನ್ನಾಗಿದ್ದುದರಿಂದಲೋ, ಹೇಳಲಾರೆ. ಒಮ್ಮೆ ಡಾಕ್ಟರನ್ನೇ ಕೇಳಿದ್ದೆ. "ಯಾವುದು ಅಂತ ಬೆರಳ ಮಾಡಿ ತೋರಸಾಕ ಬರೂದಿಲ್ರಿ. ಯಾವುದನ್ನೂ ಬಿಡಬ್ಯಾಡ್ರಿ," ಎಂದಿದ್ದರು. ಅಪ್ಪ ಯಾವುದನ್ನೂ ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನನಗೆ ರಾಮದುರ್ಗಕ್ಕೆ ವರ್ಗವಾಯಿತು. ಮೊದಲ ದಿನ ಕಳಿಸಿಕೊಡಲು ಅಪ್ಪ ಬೈಲಹೊಂಗಲದ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದ. ಮದುವೆಯ ದಿನಗಳು, ಕಾಲಿಡಲು ಜಾಗವಿರಲಿಲ್ಲ. ನಾನು ಟ್ರಂಕಿನ ಮೇಲೆ ಕೂತು ಯಾವುದೋ ಯೋಚನೆಯಲ್ಲಿದ್ದೆ.

"ರಾಮದುರ್ಗ ಬಂತು! ಏಳವಾ, ಏಳ!" ಎಂದು ಅಪ್ಪ ಒಮ್ಮೆಲೆ ಕೂಗಿದ.

ನಾನು ನೋಡಿದರೆ ದ್ವಾರದ ಹತ್ತಿರ ಧೂಳೆಬ್ಬಿಸಿಕೊಂಡು ಒಳಗೆ ಬರುತ್ತಿದ್ದ ಬಸ್ಸು ಕಂಡಿತೇ ಹೊರತು ಅದರ ಬೋರ್ಡು ನನಗೆ ಇನ್ನೂ ಕಾಣುತ್ತಿರಲಿಲ್ಲ. ಅಪ್ಪ ಆಗಲೇ ಜನರ ನಡುವೆ ನುಗ್ಗಿ ಓಡುತ್ತಿದ್ದ. ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಜೊತೆಗೆ ಓಡಿ, ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗೆ ಬೀಸಿ ಒಗೆದು ನನಗೆ ಸೀಟು ಹಿಡಿದ. ನಾನು ಟ್ರಂಕು ಎಳೆದುಕೊಂಡು ಹತ್ತಿ ಕೂರುವಷ್ಟರಲ್ಲಿ ಅವನು ಕಿಟಕಿಯ ಕೆಳಗೆ ನಿಂತು ಏದುಸಿರು ಬಿಡುತ್ತ ನಗುತ್ತಿದ್ದ.

ಬಸ್ಸು ಹೊರಟಿತು. ಟವೆಲ್ಲು ನನ್ನ ಹತ್ತಿರವೇ ಉಳಿದದ್ದು ಗೊತ್ತಾದಾಗ ನಾವು ಬಸ್‌ಸ್ಟ್ಯಾಂಡಿನ ಆ ತುದಿ ಮುಟ್ಟಿದ್ದೆವು. ಕಿಟಕಿಯಿಂದ ಹಿಂದಿರುಗಿ ನೋಡಿದೆ. ಜನರ ಗುಂಪಿನಲ್ಲಿ ಅಪ್ಪ ಸಣ್ಣದಾಗಿ ಕಾಣುತ್ತಿದ್ದ. ಇಷ್ಟು ದೂರದಿಂದ ಅವನಿಗೆ ಕಾಣುವುದಿಲ್ಲ ಅಂದುಕೊಂಡೇ ಕೈ ಆಡಿಸಿದೆ. ಬಸ್ಸು ತಿರುವಿಗೆ ಹೊರಳುವ ಮೊದಲು, ಅಷ್ಟು ಜನರ ನಡುವಿನಿಂದ, ಅವನ ಕೈ ಮೇಲೆದ್ದಿತು.